ಟಾರ್ಚಮ್ಮ ನೋಡದ ನಾಲ್ಕು ಸಾವುಗಳು

ಆ ಶಾರ್ಕ್ ಸಿನಿಮಾದಲ್ಲಿ ಒಟ್ಟು ನಾಲ್ಕು ಜನ ಸಾಯುತ್ತಾರೆ. ಆ ನಾಲ್ಕರಲ್ಲಿ ಯಾವ ಸಾವು ಹೆಚ್ಚು ಭಯಂಕರ ಎಂಬ ವಿಷಯದಲ್ಲಿ ನನ್ನ ಅಪ್ಪ ಅಮ್ಮ ಮೂವತ್ತನಾಲ್ಕು ವರ್ಷದಿಂದ ಜಗಳವಾಡುತ್ತಿದ್ದಾರೆ. ಮಜಾ ಏನೆಂದರೆ ಮೊನ್ನೆ ಮೊನ್ನೆಯವರೆಗೆ ಅಮ್ಮ ಆ ಸಿನಿಮಾ ನೋಡಿಯೇ ಇರಲಿಲ್ಲ. ನೋಡದೆ ವಾದ ಮಾಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಒಪ್ಪಿದೆ. ಆದರೆ ನೂರ ತೊಂಬತ್ತಾರು ಆಟ ನಡೆಯುವಾಗ ಚಿತ್ರಮಂದಿರದ ಒಳಗೇ ಇದ್ದು, ಒಂದು ಸಲವೂ ನೋಡದೆ ವಾದ ಮಾಡುವವಳು ನನ್ನ ಅಮ್ಮ ಒಬ್ಬಳೇ ಇರಬೇಕು.

ಅಮ್ಮ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದಳು. ಊರಿಗೆಲ್ಲ ಟಾರ್ಚಮ್ಮ. ಅಪ್ಪ ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರ್ ನಡೆಸುವ ಆಪರೇಟರ್. ಅಪ್ಪನ ಕೋಣೆಗೆ ಒಂದು ಅಡಿ ಅಗಲದ ಗಾಜಿನ ಕಿಂಡಿ; ಅದರಿಂದ ಅವನಿಗೆ ಕಾಣುತ್ತಿದ್ದದ್ದು ಪರದೆ ಮತ್ತು ಸಾಲುಸಾಲು ತಲೆಗಳ ಹಿಂಭಾಗ. ಅಮ್ಮನ ಜಾಗ ಪರದೆಯ ಪಕ್ಕದ ಬಾಗಿಲ ಬಳಿ, ಜನರತ್ತ ಮುಖ ಮಾಡಿ. ಯಾರು ಬೀಡಿ ಹಚ್ಚಿದರು, ಯಾರು ಮುಂದಿನ ಸೀಟಿನ ಮೇಲೆ ಕಾಲಿಟ್ಟರು, ಯಾರ ಮಗು ಅಳುವುದಕ್ಕೆ ತುಟಿ ಸೊಟ್ಟ ಮಾಡಿತು, ಎಲ್ಲ ಅವಳಿಗೆ ಗೊತ್ತಾಗಬೇಕು. ಹೀಗಾಗಿ ಒಂದೇ ಸಿನಿಮಾವನ್ನು ಅಪ್ಪ ಪರದೆಯಲ್ಲಿ ನೋಡಿದರೆ, ಅಮ್ಮ ಮುಖಗಳಲ್ಲಿ ನೋಡುತ್ತಿದ್ದಳು. ಬೆಳಿಗ್ಗೆ ಚಹಾ ಕುಡಿಯುವಾಗ ಅವನು ಅವಳಿಗೆ ಕತೆ ಹೇಳುವುದು, ಅವಳು ಅವನಿಗೆ ಜನ ಹೇಳುವುದು. ಅವರ ಸಂಸಾರ ನಡೆದದ್ದೇ ಹಾಗೆ.

ಶಾರ್ಕ್ ಸಿನಿಮಾ ಬಂದಾಗ ಅಮ್ಮ ಬಸುರಿ. ಹೊಟ್ಟೆಯಲ್ಲಿದ್ದವಳು ನಾನು. ಅದಕ್ಕೆ ಮೊದಲು ಎರಡು ಸಲ ಬಸಿರು ಕೈತಪ್ಪಿತ್ತು. ಡಾಕ್ಟರು ಭಾರ ಎತ್ತಬೇಡಿ, ಗಾಬರಿಯಾಗಬೇಡಿ ಎಂದಿದ್ದರು. ಗೋಡೆಗೆಲ್ಲ ಬಾಯಿ ತೆರೆದ ಶಾರ್ಕಿನ ಪೋಸ್ಟರು ಅಂಟಿಸಿದ್ದನ್ನು ನೋಡಿ ಅಪ್ಪನ ಜೀವ ಬಾಯಿಗೆ ಬಂತಂತೆ.

"ಈ ಸಿನಿಮಾ ಮುಗಿಯೋವರೆಗೆ ಮನೇಲಿರು" ಎಂದನಂತೆ.

"ಮನೇಲಿ ಒಬ್ಳೇ ಕೂತ್ರೆ ಹೋದ ಎರಡು ಸಲದ್ದೇ ತಲೇಲಿ ಸುತ್ತತ್ತೆ ರೀ. ಅದಕ್ಕಿಂತ ಮೀನು ವಾಸಿ" ಎಂದಳಂತೆ ಅಮ್ಮ.

ಕೊನೆಗೆ ರಾಜಿಯಾಯಿತು. ದಿನದ ನಾಲ್ಕು ಆಟಗಳಲ್ಲಿ ಮೊದಲಿನ ಎರಡಕ್ಕೆ ಮಾತ್ರ ಅಮ್ಮ. ಮ್ಯಾನೇಜರು ಒಂದು ಸ್ಟೂಲು ಕೊಡಬೇಕು. ಮುಖ್ಯವಾದ ಕರಾರು: ಏನೇ ಸದ್ದಾಗಲಿ, ಪರದೆಯ ಕಡೆ ತಿರುಗಕೂಡದು. ಅಮ್ಮ ಅಪ್ಪನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಅವಳು ಮಾತು ಕೊಟ್ಟರೆ ಮುಗಿಯಿತು. ಅವಳ ಹಟದ ಮುಂದೆ ಶಾರ್ಕೂ ಬಾಲ ಮುದುರಿಕೊಳ್ಳಬೇಕು.

ಸಿನಿಮಾ ಹದಿನಾಲ್ಕು ವಾರ ಓಡಿತು. ಈಗ ಆ ಸಾವುಗಳ ವಿಷಯ.

ಮೊದಲನೆಯವನು ಮುಳುಗುಗಾರ. ಹಡಗಿನ ತಳ ರಿಪೇರಿ ಮಾಡಲು ನೀರಿನಡಿಗೆ ಹೋಗುತ್ತಾನೆ. ಹಡಗಿನೊಳಗೆ ಕೂತವರಿಗೆ ಅವನ ಸುತ್ತಿಗೆಯ ಟಕ್ ಟಕ್ ಕೇಳುತ್ತಿರುತ್ತದೆ. ಅವರು ಇಸ್ಪೀಟು ಆಡುತ್ತಿರುತ್ತಾರೆ. ಟಕ್ ಟಕ್. ಟಕ್. ಆಮೇಲೆ ಇಲ್ಲ. ಇಸ್ಪೀಟಿನವರಿಗೆ ಸದ್ದು ನಿಂತದ್ದು ಗೊತ್ತಾಗುವುದಕ್ಕೆ ಒಂದು ಆಟದ ಹೊತ್ತೇ ಹಿಡಿಯುತ್ತದೆ. ಅಪ್ಪನ ಪ್ರಕಾರ ಇದಕ್ಕಿಂತ ಭಯಂಕರವಾದದ್ದು ಇನ್ನೊಂದಿಲ್ಲ. ಒಂದು ತೊಟ್ಟು ರಕ್ತ ತೋರಿಸದೆ ಕೊಂದಿದ್ದಾರೆ, ಅದು ಕೆಲಸ ಅಂದರೆ, ಎಂದು ತನ್ನದೇ ಸಾಧನೆಯೆಂಬಂತೆ ಹೇಳುತ್ತಾನೆ.

ಅಮ್ಮ ಮೂಗು ಮುರಿಯುತ್ತಾಳೆ. ಅವಳ ಮತ ಎರಡನೆಯದಕ್ಕೆ. ಮದುವೆಯ ಫೋಟೋ ತೆಗೆಯುವವನು ಕಟ್ಟೆಯ ಮೇಲೆ ನಿಂತು, ಎಲ್ಲರೂ ಫ್ರೇಮಿನೊಳಗೆ ಬರಲಿ ಎಂದು ಹಿಂದೆ ಹಿಂದೆ ಹೆಜ್ಜೆ ಇಡುತ್ತ ನೀರಿಗೆ ಬೀಳುತ್ತಾನೆ. ಮದುವೆಯವರು ನಗುತ್ತಾರೆ. ಚಿತ್ರಮಂದಿರದವರೂ ನಗುತ್ತಾರೆ. "ಆ ನಗು ಬಾಯಲ್ಲೇ ಸಾಯೋದನ್ನ ನೀವು ನೋಡಿಲ್ಲ ರೀ" ಎನ್ನುತ್ತಾಳೆ ಅಮ್ಮ. "ಮುಂದಿನ ಸಾಲಿಗೆ ಮೊದಲು ಗೊತ್ತಾಗತ್ತೆ, ಹಿಂದಿನ ಸಾಲಿನೋರು ಇನ್ನೂ ನಗ್ತಾನೇ ಇರ್ತಾರೆ. ಬಾಯಿ ಮುಚ್ಚೋದೂ ಮರೆತುಹೋಗತ್ತೆ ಅವರಿಗೆ." ಮೊದಲ ವಾರದಲ್ಲೇ ಅವಳಿಗೆ ಯಾರು ಕಿರುಚುತ್ತಾರೆ, ಯಾರು ಎದ್ದು ಓಡುತ್ತಾರೆ ಎಂಬುದು ಅವರು ಕೂತ ಭಂಗಿಯಿಂದಲೇ ತಿಳಿಯುತ್ತಿತ್ತು. ದಪ್ಪ ಮೀಸೆಯವರೇ ಮೊದಲು ಓಡುವುದಂತೆ. ಸದ್ದಿಲ್ಲದೆ ಹೋಗಿ ಅಂಥವರ ಪಕ್ಕ ನಿಂತು, ಅವರ ಕಾಲಬುಡಕ್ಕೆ ಟಾರ್ಚ್ ಬಿಡುತ್ತಿದ್ದಳು. ತಮ್ಮ ಚಪ್ಪಲಿ ಕಂಡರೆ ಜನಕ್ಕೆ ಧೈರ್ಯ ಬರುತ್ತದೆ ಎಂಬುದು ಅವಳು ಕಂಡುಕೊಂಡ ಔಷಧ.

ನಾಲ್ಕನೆಯದು ಮುದಿ ಕ್ಯಾಪ್ಟನ್ನಿನದು. ಬಲೆಯಲ್ಲಿ ಸಿಕ್ಕಿಕೊಂಡು ಹತ್ತು ನಿಮಿಷ ಸಾಯುತ್ತಾನೆ. ಅಷ್ಟು ಹೊತ್ತು ಸತ್ತರೆ ಯಾರಿಗೆ ತಾನೇ ಭಯವಾಗುತ್ತದೆ? ಜನ ಚಪ್ಪಲಿ ಹುಡುಕಲು ಶುರುಮಾಡಿರುತ್ತಾರೆ.

ಉಳಿದದ್ದು ಮೂರನೆಯದು. ಸಣ್ಣ ಹುಡುಗ, ಎಂಟೋ ಒಂಬತ್ತೋ ವರ್ಷ. ಸಮುದ್ರದ ನಡುವಿನ ದೀಪಸ್ತಂಭದಲ್ಲಿ ಕೆಲಸ ಮಾಡುವ ತನ್ನ ಅಪ್ಪನಿಗೆ ಊಟದ ಡಬ್ಬಿ ಕೊಡಲು ಪುಟ್ಟ ದೋಣಿಯಲ್ಲಿ ಹೋಗುತ್ತಾನೆ. ಅಪ್ಪ ಮೆಟ್ಟಿಲ ಮೇಲೆ ಕಾಯುತ್ತಿರುತ್ತಾನೆ. ದೋಣಿ ತೇಲುತ್ತ ಬಂದು ಮೆಟ್ಟಿಲಿಗೆ ತಾಗುತ್ತದೆ. ಅದರಲ್ಲಿ ಡಬ್ಬಿ ಇದೆ, ಹುಡುಗನಿಲ್ಲ.

ಮೊದಲ ದಿನದ ಮರುಬೆಳಿಗ್ಗೆ ಅಪ್ಪ ಚಹಾ ಹೀರುತ್ತ ಮುಳುಗುಗಾರನ ಕತೆ ಹೇಳಿದ, ಫೋಟೋದವನ ಕತೆ ಹೇಳಿದ. ಹುಡುಗ ದೋಣಿ ಹತ್ತಿದ ಎಂದು ಹೇಳುವ ಹೊತ್ತಿಗೆ ಅಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅಷ್ಟೇ, ಅಪ್ಪನ ನಾಲಿಗೆ ದಾರಿ ಬದಲಿಸಿತು. ಹುಡುಗ ನೀರಿಗೆ ಬಿದ್ದ, ಆದರೆ ದೀಪಸ್ತಂಭದ ಸರಪಳಿ ಕೈಗೆ ಸಿಕ್ಕಿತು, ಅವರಪ್ಪ ಅವನನ್ನು ಎಳೆದುಕೊಂಡ ಎಂದುಬಿಟ್ಟ. ಅಮ್ಮ "ಅಬ್ಬ, ಸದ್ಯ" ಎಂದಳು.

ಮಾರನೆಯ ದಿನ ಅವಳೇ ಕೇಳಿದಳು, "ನಿನ್ನೆ ಹುಡುಗ ದಡ ಸೇರಿದ್ನಾ?" "ಸೇರಿದ" ಎಂದ ಅಪ್ಪ. ಅದರ ಮಾರನೆಯ ದಿನವೂ ಕೇಳಿದಳು. ಹದಿನಾಲ್ಕು ವಾರ ದಿನಾ ಬೆಳಿಗ್ಗೆ ಅದೇ ಪ್ರಶ್ನೆ, ಅದೇ ಉತ್ತರ. ಒಂದೊಂದು ದಿನ ಅಪ್ಪ ಹೊಸದೇನಾದರೂ ಸೇರಿಸುವುದು: ಹುಡುಗನಿಗೆ ಕಂಬಳಿ ಹೊದಿಸಿದರು, ಬಿಸಿ ಹಾಲು ಕೊಟ್ಟರು, ಕಿವಿ ಹಿಂಡಿದರು. ಸಿನಿಮಾ ತೆಗೆದವರಿಗೂ ಆ ಹುಡುಗನ ಬಗ್ಗೆ ಇಷ್ಟು ಕಾಳಜಿ ಇರಲಿಲ್ಲ.

ನಾನು ಹುಟ್ಟಿದೆ. ಸುಳ್ಳು ಮಾತ್ರ ಮನೆಯಲ್ಲೇ ಉಳಿಯಿತು. ಅಷ್ಟರಲ್ಲಿ ಅಮ್ಮ "ನಮ್ಮ ಮನೆಯೋರು ಜೀವಮಾನದಲ್ಲಿ ನಂಗೊಂದು ಸುಳ್ಳು ಹೇಳಿಲ್ಲ" ಎಂದು ಬೀದಿಗೆಲ್ಲ ಡಂಗುರ ಹೊಡೆದಿದ್ದಳು. ಆ ಮಾತು ಕೇಳಿದಾಗಲೆಲ್ಲ ಅಪ್ಪ ಕಾರಣವಿಲ್ಲದೆ ಎದ್ದು ನಲ್ಲಿ ತಿರುಗಿಸಲು ಹೋಗುತ್ತಿದ್ದ. ನನಗೆ ಹತ್ತು ವರ್ಷವಾದಾಗ ಶಾಲೆಯ ಗೆಳತಿ "ಆ ಹುಡುಗನ್ನ ಶಾರ್ಕ್ ತಿಂದುಬಿಡತ್ತೆ" ಎಂದಳು. ನಮ್ಮಪ್ಪನ ಮಾತು ಸುಳ್ಳು ಎಂದವಳ ಜಡೆ ಎಳೆದು ಬಂದೆ. ಅಪ್ಪ ನನ್ನನ್ನು ಪ್ರೊಜೆಕ್ಟರ್ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ನಿಜ ಹೇಳಿದ. "ನಿಮ್ಮಮ್ಮಂಗೆ ಹೇಳ್ಬೇಡ ಪುಟ್ಟಿ. ಒಂದು ಸುಳ್ಳು ಹೇಳಿದೋನು ಇನ್ನೆಷ್ಟು ಹೇಳಿರ್ತಾನೋ ಅಂತ ಅವಳಿಗೆ ಅನ್ನಿಸಿಬಿಟ್ರೆ ನಂಗೆ ತಡೆಯಕ್ಕಾಗಲ್ಲ" ಎಂದ. ಅವತ್ತಿನಿಂದ ನಾನೂ ಕಳ್ಳರ ಪಕ್ಷ ಸೇರಿದೆ.

ಆಮೇಲೆ ಆ ಸಿನಿಮಾ ಟೀವಿಯಲ್ಲಿ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಕರೆಂಟು ಹೋಗುತ್ತಿತ್ತು. ಸಿನಿಮಾದ ಹೆಸರು ಬೀಳುವುದಕ್ಕೂ ಫ್ಯೂಸ್ ಹಾರುವುದಕ್ಕೂ ಸರಿಹೋಗುತ್ತಿತ್ತು. ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಅಮ್ಮ ಏನೂ ಕೇಳುತ್ತಿರಲಿಲ್ಲ. ಪಾಪದವಳು, ಎಂದುಕೊಳ್ಳುತ್ತಿದ್ದೆವು ನಾವಿಬ್ಬರು ಬುದ್ಧಿವಂತರು.

ಈ ವರ್ಷ ಅಪ್ಪನ ಕಣ್ಣು ಪೂರ್ತಿ ಮಂಜಾಯಿತು. ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರು ಡಾಕ್ಟರು. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರು ಕಾಣುವುದಿಲ್ಲ. ಆಸ್ಪತ್ರೆಯಿಂದ ಬಂದು ಎರಡು ವಾರವಾಗಿತ್ತು. ಒಂದು ಬೆಳಿಗ್ಗೆ ಚಹಾ ಲೋಟ ಹಿಡಿದುಕೊಂಡು, "ಇನ್ನು ನಿಂಗೆ ಹೇಳಕ್ಕೆ ನನ್ನ ಹತ್ರ ಏನೂ ಇಲ್ಲ ಕಣೆ" ಎಂದ. ಅದನ್ನು ಕೇಳಿ ನನಗೆ ಅಳು ಬಂತು. ಅಮ್ಮನಿಗೆ ಸಿಟ್ಟು ಬಂತು. ಪೇಪರು ತೆಗೆದು ಟೀವಿ ಕಾರ್ಯಕ್ರಮಗಳ ಪುಟ ಓದಿದಳು.

"ಭಾನುವಾರ ಮಧ್ಯಾಹ್ನ ಶಾರ್ಕ್ ಸಿನಿಮಾ ಇದೆ" ಎಂದಳು. "ಈ ಸಲ ನಾನು ನೋಡ್ತೀನಿ, ನೀವು ಕೇಳಿ."

ಅಪ್ಪನ ಮುಖ ಬಿಳುಚಿಕೊಂಡಿತು. ಅವತ್ತಿಂದ ಭಾನುವಾರದವರೆಗೆ ಅವನು ಪಟ್ಟ ಪಾಡು ಹೇಳತೀರದು. ಆ ದಿನ ತನ್ನ ಅಕ್ಕನ ಮನೆಗೆ ಹೋಗೋಣ ಎಂದ. ತಲೆನೋವು ಎಂದ. ಭಾನುವಾರ ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದು, "ಮೈನ್ ಸ್ವಿಚ್ ನಂಗೆ ಕಾಣಲ್ಲ. ನೀನೇ ಆರಿಸ್ಬೇಕು ಪುಟ್ಟಿ" ಎಂದು ಕೈ ಹಿಡಿದುಕೊಂಡ. ಎಪ್ಪತ್ತು ದಾಟಿದ ಮನುಷ್ಯ ಹೆಂಡತಿ ತನ್ನನ್ನು ಸುಳ್ಳುಗಾರ ಎಂದುಕೊಳ್ಳುತ್ತಾಳೆಂದು ಹೀಗೆ ಹೆದರುವುದನ್ನು ನೋಡಿ ನನಗೆ ನಗು ಬರಲಿಲ್ಲ. ಆಯಿತು ಎಂದೆ.

ಮುಳುಗುಗಾರ ಸತ್ತ. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಪರವಾಗಿಲ್ಲ, ಇದೂ ಚೆನ್ನಾಗೇ ಇದೆ" ಎಂದು ಮೂವತ್ತನಾಲ್ಕು ವರ್ಷದ ಜಗಳದಲ್ಲಿ ಅರ್ಧ ಅಂಕ ಬಿಟ್ಟುಕೊಟ್ಟಳು. ಫೋಟೋದವನು ಸತ್ತ. ಹುಡುಗ ಡಬ್ಬಿ ತೆಗೆದುಕೊಂಡ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದೆ.

"ಕೂತ್ಕೋ" ಎಂದಳು ಅಮ್ಮ, ಟೀವಿಯಿಂದ ಕಣ್ಣು ತೆಗೆಯದೆ. "ಸ್ವಿಚ್ ತಂಟೆಗೆ ಹೋಗ್ಬೇಡ."

ಕೂತೆ. ಅಪ್ಪ ಕುರ್ಚಿಯ ತೋಳು ಬಿಗಿಯಾಗಿ ಹಿಡಿದುಕೊಂಡು, ಯಾರೂ ಕೇಳದಿದ್ದರೂ ಶುರುಮಾಡಿದ: "ಈಗ ಬೀಳ್ತಾನೆ, ನೋಡ್ತಿರು, ಸರಪಳಿ ಸಿಗತ್ತೆ, ಅವರಪ್ಪ..."

"ರೀ" ಎಂದಳು ಅಮ್ಮ. "ಖಾಲಿ ದೋಣಿ ಬಂತು. ಡಬ್ಬಿ ಇದೆ. ಹುಡುಗ ಇಲ್ಲ."

ಅಪ್ಪ ತಲೆ ತಗ್ಗಿಸಿದ. "ಸುಳ್ಳು ಹೇಳಿದ್ದೆ" ಎಂದ.

"ಗೊತ್ತು. ಮೊದಲ್ನೇ ದಿನ ಮೊದಲ್ನೇ ಆಟದಲ್ಲೇ ಗೊತ್ತಾಯ್ತು."

"ತಿರುಗಿ ನೋಡಿದ್ಯಾ?"

"ಮಾತು ಕೊಟ್ಟ ಮೇಲೆ ಯಾಕ್ರೀ ತಿರುಗ್ಲಿ? ಎದುರಿಗೆ ಆರುನೂರು ಜನ ಕೂತಿದ್ರು. ಒಬ್ರೂ ಕಿರುಚಲಿಲ್ಲ. ಮಕ್ಕಳನ್ನ ಕರ್ಕೊಂಡು ಬಂದೋರೆಲ್ಲ ಪಕ್ಕದ ಮಗೂನ ಕೈಯಿಂದ ತಡವಿ ನೋಡ್ಕೊಂಡ್ರು. ಹುಡುಗ ದಡ ಸೇರಿದ್ರೆ ಯಾರಾದ್ರೂ ಹಾಗೆ ಮಾಡ್ತಾರಾ?"

"ಮತ್ತೆ ದಿನಾ ಬೆಳಿಗ್ಗೆ ಯಾಕೆ ಕೇಳ್ತಿದ್ದೆ? ಸೇರಿದ್ನಾ, ಸೇರಿದ್ನಾ ಅಂತ?"

ಅಮ್ಮ ರಿಮೋಟ್ ಒತ್ತಿ ಟೀವಿಯ ಸದ್ದು ತೆಗೆದಳು. ಆಮೇಲೆ ಅವಳು ಹೇಳಿದ್ದು ನನಗೂ ಅರ್ಧ ಮಾತ್ರ ಗೊತ್ತಿದ್ದ ವಿಷಯ. ಒಂದು ರೀಲು ಮುಗಿಯುವ ಮುಂಚೆ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಅದನ್ನು ನೋಡಿದ ಕ್ಷಣ ಆಪರೇಟರ್ ಎರಡನೇ ಯಂತ್ರಕ್ಕೆ ಬದಲಾಯಿಸಬೇಕು. ಕಣ್ಣು ಮಿಟುಕಿಸಿದರೆ ಪರದೆ ಬೆಳ್ಳಗಾಗಿ ಜನ ಸಿಳ್ಳೆ ಹಾಕುತ್ತಾರೆ. ಆ ಸಿನಿಮಾದಲ್ಲಿ ಚುಕ್ಕೆ ಬರುತ್ತಿದ್ದದ್ದು ಖಾಲಿ ದೋಣಿ ಮೆಟ್ಟಿಲಿಗೆ ತಾಗಿದಾಗ. ಉಳಿದ ಮೂರು ಸಾವಿಗೆ ಅಪ್ಪ ಬೆನ್ನು ಹಾಕಬಹುದಿತ್ತು, ಬೀಡಿ ಸೇದಬಹುದಿತ್ತು. ಇದೊಂದನ್ನು ನೋಡಲೇಬೇಕು. ದಿನಕ್ಕೆ ನಾಲ್ಕು ಸಲ, ಹದಿನಾಲ್ಕು ವಾರ, ಮುನ್ನೂರ ತೊಂಬತ್ತೆರಡು ಸಲ.

"ನಾನು ಜನದ ಕಡೆ ಮುಖ ಮಾಡಿ ನಿಂತ್ರೆ, ಜನದ ಹಿಂದೆ ಮೇಲ್ಗಡೆ ನಿಮ್ಮ ಕಿಂಡಿ" ಎಂದಳು ಅಮ್ಮ. "ಆ ಹುಡುಗ ದೋಣಿ ಹತ್ತಿದ ತಕ್ಷಣ ನಿಮ್ಮ ಮುಖ ಗಾಜಿಗೆ ಬರ್ತಿತ್ತು. ಎರಡು ಮಕ್ಕಳನ್ನ ಕಳ್ಕೊಂಡ್ವಿ. ನಾನು ಅತ್ತಾಗ ಊರೆಲ್ಲ ಬಂದು ಸಮಾಧಾನ ಮಾಡ್ತು. ನಿಮ್ಮನ್ನ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನೀವು ಕೆಲಸಕ್ಕೆ ಹೋದ್ರಿ. ಆ ಕಿಂಡೀಲಿ ನಿಮ್ಮ ಮುಖ ನೋಡಿದ ಮೇಲೇ ನಂಗೆ ಗೊತ್ತಾಗಿದ್ದು, ನೀವೂ ಕಳ್ಕೊಂಡಿದ್ರಿ ಅಂತ. ಬೆಳಿಗ್ಗೆ ಒಂದ್ಸಲ ಆ ಹುಡುಗನ್ನ ದಡಕ್ಕೆ ತರದೆ ಇದ್ರೆ, ಮಧ್ಯಾಹ್ನದ ಆಟಕ್ಕೆ ಈ ಮನುಷ್ಯ ಮೆಟ್ಟಿಲು ಹತ್ತಲ್ಲ ಅನ್ನಿಸ್ತು. ಅದಕ್ಕೆ ಕೇಳ್ತಿದ್ದೆ."

ಅಪ್ಪ ಅವಳ ದನಿ ಬಂದ ಕಡೆ ಮುಖ ತಿರುಗಿಸಿದ.

"ಈಗ ಕಣ್ಣು ಮಂಜಾಗಿದೆ" ಎಂದಳು ಅಮ್ಮ, ದನಿ ಸ್ವಲ್ಪ ಒರಟಾಗಿ. "ಸುಮ್ನೆ ಕೂತು ಆ ಖಾಲಿ ದೋಣೀನೇ ನೋಡ್ತಿರ್ತೀರಿ ಅಂತ ಗೊತ್ತು. ಒಬ್ರೇ ನೋಡೋದು ಬೇಡ ಅಂತ ಇವತ್ತು ನಾನೂ ನೋಡ್ದೆ. ಆಯ್ತಲ್ಲ?"

ಟೀವಿಯಲ್ಲಿ ಶಾರ್ಕು ಸದ್ದಿಲ್ಲದೆ ಓಡಾಡಿಕೊಂಡಿತ್ತು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಇಷ್ಟು ವರ್ಷ ಅಮ್ಮನನ್ನು ನಾವು ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು, ಇಬ್ಬರ ಮೇಲೂ ಹೇಳಲಾರದಷ್ಟು ಪ್ರೀತಿಯೂ ಉಕ್ಕಿತು.

ಅಪ್ಪ ಒಂದು ಕೈಯಿಂದ ಅಮ್ಮನ ಕೈ ಹಿಡಿದುಕೊಂಡ. ಇನ್ನೊಂದು ಕೈಯನ್ನು ಗಾಳಿಯಲ್ಲಿ ಚಾಚಿ, ಅತ್ತ ಇತ್ತ ಆಡಿಸಿ ಹುಡುಕಿದ. ನಾನು ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ತಲೆ ಮುಂದೆ ಮಾಡಿದೆ. ಕೈ ನನ್ನ ಕೂದಲಿಗೆ ತಾಗಿತು, ಹಣೆ ಸವರಿತು, ಕಿವಿ ಹಿಡಿದು ನೋಡಿತು.

"ಪುಟ್ಟಿ, ಇಲ್ಲೇ ಇದೀಯಾ?"

"ಇಲ್ಲೇ ಇದೀನಪ್ಪ" ಎಂದೆ.