ಹಿಮದಲ್ಲಿಟ್ಟ ಇನ್ಸುಲಿನ್

ಪರ್ತ್‌ನ ನಮ್ಮ ಮನೆಯ ಫ್ರಿಜ್‌ಗೆ ವಯಸ್ಸಾಗಿದೆ. ಇವತ್ತು ಬೆಳಿಗ್ಗೆ ನೋಡಿದರೆ ಒಳಗೆ ಹಿಂಬದಿಯ ಗೋಡೆಗೆ ಅಂಟಿಕೊಂಡಿದ್ದ ಕೊತ್ತಂಬರಿ ಕಟ್ಟು ಹೆಪ್ಪುಗಟ್ಟಿ ಕಟ್ಟಿಗೆಯಾಗಿತ್ತು. ನೀವಾಗಿದ್ದರೆ ಎಸೆದು ಸುಮ್ಮನಾಗುತ್ತಿದ್ದಿರಿ. ನನ್ನ ಎದೆ ಧಸಕ್ಕೆಂದಿತು. ಯಾಕೆಂದು ಹೇಳುತ್ತೇನೆ, ನಗಬಾರದು.

ನಾವು ಅಡಿಲೇಡ್‌ನಲ್ಲಿದ್ದ ಕಾಲ, ವಾಟ್ಸಾಪ್ ಇನ್ನೂ ಹೊಸದು. ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಹಿಮ ತೋರಿಸುತ್ತೇನೆಂದು ಜಂಭ ಕೊಚ್ಚಿಕೊಂಡು, ಇಡೀ ದಿನ ಕಾರು ಓಡಿಸಿ, ವಿಕ್ಟೋರಿಯಾದ ಬೆಟ್ಟದ ಮೇಲಿನ ಪುಟ್ಟ ಹಳ್ಳಿಯೊಂದಕ್ಕೆ ಕರೆದೊಯ್ದೆ. ಬಾಡಿಗೆ ಮನೆಯ ಫ್ರಿಜ್ ಅಂಗೈಯಗಲ. ನಾವು ಹೊತ್ತೊಯ್ದದ್ದು ಎರಡು ಡಬ್ಬ ದೋಸೆ ಹಿಟ್ಟು, ಮೊಸರು, ಹುಳಿ. ಅಮ್ಮನ ಇನ್ಸುಲಿನ್ ಪೆನ್ನುಗಳಿಗೆ ಜಾಗವಿರಲಿಲ್ಲ. ಆಗ ನನ್ನೊಳಗಿನ ಎಂಜಿನಿಯರ್ ಎದ್ದ.

"ಇಡೀ ಊರೇ ಫ್ರಿಜ್ ಅಲ್ವೇನಮ್ಮ?" ಎಂದು ಪೆನ್ನಿನ ಚೀಲವನ್ನು ಹೊರಗಿನ ಜಗಲಿಯಲ್ಲಿಟ್ಟೆ. ದೋಸೆ ಹಿಟ್ಟು ಒಳಗೆ, ಹೆತ್ತಮ್ಮನ ಔಷಧಿ ಹೊರಗೆ! ನನ್ನ ಬುದ್ಧಿಗೆ ಏನೆನ್ನುತ್ತೀರಿ?

ಬೆಳಿಗ್ಗೆ ಬಾಗಿಲು ತೆಗೆದರೆ ಮೊಣಕಾಲುದ್ದ ಹಿಮ. ಪೆನ್ನುಗಳೆಲ್ಲ ಹೆಪ್ಪುಗಟ್ಟಿದ್ದವು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದೆಂದು ಹೆಂಡತಿ ಡಬ್ಬಿಯೊಳಗಿನ ಕಾಗದ ಓದಿ ಹೇಳಿದಳು. ಔಷಧಿ ಅಂಗಡಿ ಬೆಟ್ಟದ ಕೆಳಗೆ, ರಸ್ತೆ ಬಂದ್. ಅಮ್ಮನ ಶುಗರ್ ಆಗಲೇ ಏರತೊಡಗಿತ್ತು.

"ಅಕ್ಕಪಕ್ಕ ಕೇಳ್ತೀನಮ್ಮ."

"ಸುಮ್ನಿರೋ! ನಂಗೆ ಶುಗರ್ ಇದೆ ಅಂತ ಊರಿಗೆಲ್ಲ ಡಂಗುರ ಸಾರ್ತೀಯಾ?"

ಅಮ್ಮ ಆ ವಿಷಯವನ್ನು ಇಪ್ಪತ್ತು ವರ್ಷ ಬಚ್ಚಿಟ್ಟವಳು. ಮದುವೆ ಮನೆಗಳಲ್ಲಿ "ಇವತ್ತು ಉಪವಾಸ" ಎಂದು ಹೋಳಿಗೆಯಿಂದ ತಪ್ಪಿಸಿಕೊಂಡು, ಎಂಥ ದೈವಭಕ್ತೆ ಎಂಬ ಹೆಸರನ್ನೂ ಸಂಪಾದಿಸಿದ್ದಳು.

ಹೊರಗೆ ಊರಿಗೆ ಊರೇ ಸಲಿಕೆ ಹಿಡಿದು ನಿಂತಿತ್ತು. ಹಿಮ ಬಿದ್ದ ಬೆಳಿಗ್ಗೆ ಅಲ್ಲಿ ಯಾರೂ ಮೊದಲು ತಮ್ಮ ಬಾಗಿಲು ಬಿಡಿಸಿಕೊಳ್ಳುವುದಿಲ್ಲ. ಬೀದಿಯ ಅತಿ ಹಿರಿಯರ ಬಾಗಿಲಿನಿಂದ ಶುರು ಮಾಡಿ ಎಲ್ಲರೂ ಒಟ್ಟಿಗೆ ಬರುತ್ತಾರೆ. ನಮ್ಮ ಬಾಗಿಲಿಗೆ ಬಂದ ಗ್ಲೆನ್ ಎಂಬ ಗಡ್ಡದ ಮನುಷ್ಯನ ಕಿವಿಯಲ್ಲಿ ಗುಟ್ಟಾಗಿ ವಿಷಯ ಹೇಳಿದೆ. ಗುಟ್ಟೆಲ್ಲಿಂದ ಬಂತು! ಆತ ಬೀದಿಗೆ ತಿರುಗಿ, "ಇಲ್ಲೊಬ್ಬ ಅಮ್ಮನಿಗೆ ಇನ್ಸುಲಿನ್ ಬೇಕು!" ಎಂದು ಗಂಟಲು ಹರಿಯುವಂತೆ ಕೂಗಿದ. ಒಬ್ಬರಿಂದೊಬ್ಬರಿಗೆ ಸುದ್ದಿ ಬೀದಿಯ ಕೊನೆ ಮುಟ್ಟಿತು. ಒಳಗೆ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅರ್ಧ ಗಂಟೆಯಲ್ಲಿ ಕೊನೆಯ ಮನೆಯ ಅಜ್ಜಿ ಜೋನ್ ಬಂದರು. ನಾಲ್ಕು ಜನ ಮುಂದೆ ಮುಂದೆ ಹಿಮ ಸರಿಸಿ ಅವರಿಗೆ ದಾರಿ ಮಾಡಿಕೊಟ್ಟಿದ್ದರು. ಹೆಪ್ಪುಗಟ್ಟದಿರಲೆಂದು ಕೋಟಿನೊಳಗೆ ಮೈಗೊತ್ತಿಕೊಂಡು ತಂದಿದ್ದ ಹೊಸ ಪೆನ್ನನ್ನು ತೆಗೆದುಕೊಟ್ಟರು. ಬೆಟ್ಟದ ಕೆಳಗಿನ ಪೇಟೆಯ ನರ್ಸ್‌ಗೆ ಫೋನ್ ಮಾಡಿದೆ; ಅವರು ಎರಡೂ ಪೆನ್ನುಗಳ ಮೇಲಿನ ಹೆಸರು ಓದಿಸಿ, "ಅದೇ ಔಷಧಿ, ಕೊಡಿ" ಎಂದರು.

"ನನಗೆ ಹನ್ನೆರಡು ವರ್ಷದಿಂದ ಇದೆ. ನಿಮಗೆ?" ಎಂದು ಜೋನ್ ಕೇಳಿದರು.

ಅಮ್ಮ ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಟ್ವೆಂಟಿ" ಎಂದಳು.

ಸಂಜೆಗೆ ಶುಗರ್ ಇಳಿಯಿತು. ಅಬ್ಬಾ! ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹೊರಗೆ ಅವರಿಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಡಾಕ್ಟರುಗಳನ್ನು ಬೈಯುತ್ತಾ ನಗುತ್ತಿದ್ದರು.

ಈಗ ನನಗೂ ಶುಗರ್ ಬಂದಿದೆ. ಕೊತ್ತಂಬರಿಯಿದ್ದ ಆ ಫ್ರಿಜ್‌ನ ಬಾಗಿಲಲ್ಲೇ ನನ್ನ ಇನ್ಸುಲಿನ್ ಪೆನ್ನುಗಳಿವೆ. ಮೂರು ವಾರದಿಂದ ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ. ಇವತ್ತು ಪಕ್ಕದ ಮನೆಯ ಬೆಲ್ ಒತ್ತಿ ಹೇಳಿಬಂದೆ. ಎದೆ ಹಗುರಾಯಿತು. ಆಮೇಲೆ ಅಮ್ಮನಿಗೂ ಫೋನ್ ಮಾಡಿ ಹೇಳಿದೆ. ಕೇಳಿದ ಕೂಡಲೇ ಅವಳು, "ಯಾರ್ಯಾರಿಗೆ ಹೇಳಿದ್ದೀಯ?" ಎಂದಳು.

"ಪಕ್ಕದ ಮನೆಯವ್ರಿಗೆ."

"ಅಷ್ಟು ಸಾಲದು ಕಣೋ. ಬೀದಿಗೆಲ್ಲ ಹೇಳು."