ಹಳದಿ ಪಟ್ಟೆಯ ಕಾಲುಚೀಲ

ಧಪ್, ಧಪ್. ಬೆಳಗಾದರೆ ಹಿಲ್ಕಾಳ ಅಡುಗೆಮನೆಗೆ ಕೇಳುವುದು ಇದೇ ಸದ್ದು. ರಸ್ತೆಯಾಚೆಯ ಲಾರಿ ಅಂಗಳದಲ್ಲಿ ಚಾಲಕರು ಮರದ ಸುತ್ತಿಗೆಯಿಂದ ಟೈರು ಬಡಿದು ಗಾಳಿ ನೋಡುತ್ತಾರೆ. ಇಪ್ಪತ್ತೆರಡು ವರ್ಷ ಆ ಸದ್ದಿಗೇ ಅವಳು ಕಾಫಿಗೆ ನೀರಿಟ್ಟಿದ್ದಳು. ಈಗೀಗ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ದೂರದ ನಿಪಿಗನ್ ಊರಿನ ಕಡೆಗೆ ಹೊರಡುವ ಪ್ರತಿ ಲಾರಿಗೂ ಚಳಿಗಾಲದ ಆಪತ್ತಿನ ಪೆಟ್ಟಿಗೆ ಕಟ್ಟುವವಳು ಅವಳೇ. ಸೆಪ್ಟೆಂಬರಿನಲ್ಲೇ ಕೂತು ಕಂಬಳಿ, ಕಾಫಿ ಡಬ್ಬಿಯೊಳಗೆ ನಿಲ್ಲಿಸಿದ ಮೇಣದಬತ್ತಿ, ಬೆಂಕಿಕಡ್ಡಿ, ಒಣರೊಟ್ಟಿ ತುಂಬುವಳು. ಮೇಲೆ ತಾನೇ ಹೆಣೆದ ಕಾಲುಚೀಲ, ಒಬ್ಬೊಬ್ಬ ಚಾಲಕನಿಗೆ ಒಂದೊಂದು ಬಣ್ಣದ ಪಟ್ಟೆ. ಕೊನೆಗೆ, ತೀರಿಹೋದ ಗಂಡ ಕಲಿಸಿದ ಗಂಟು. ಆಪತ್ತು ಬರದೆ ಆ ಗಂಟು ಬಿಚ್ಚಿದರೆ ಆಪತ್ತನ್ನು ಕರೆದಂತೆ ಎಂದು ಎಲ್ಲರೂ ನಂಬಿದ್ದರು. ಹಾಗಾಗಿ ಯಾರೂ ಒಳಗೆ ಇಣುಕುತ್ತಿರಲಿಲ್ಲ.

ಜನವರಿಯಲ್ಲಿ ಔಲಿಸ್‌ನ ಲಾರಿ ಹಿಮಗಾಳಿಯಲ್ಲಿ ಕೆಟ್ಟು ನಿಂತಿತು. ಅವನು ಗಂಟು ಬಿಚ್ಚಿದರೆ ಒಳಗಿದ್ದುದು ಹಳೆಯ ಪತ್ರಿಕೆಗಳ ಕಟ್ಟು. ಚಳಿಗೆ ಮರಗಟ್ಟಿದ ಎರಡು ಕಾಲ್ಬೆರಳು ಕಳೆದುಕೊಂಡು ಬಂದ.

"ಹಿಲ್ಕಮ್ಮಂಗೆ ಅರಳುಮರುಳು ಕಣ್ರೋ, ರದ್ದಿ ಕಟ್ಟಿ ಕಳಿಸಿದಾಳೆ," ಎಂದು ಅಂಗಳದಲ್ಲೆಲ್ಲ ಮಾತು ಹಬ್ಬಿತು.

ಉಳಿದವರು ತಂತಮ್ಮ ಪೆಟ್ಟಿಗೆ ಬಿಚ್ಚಿ ನೋಡಿದರು. ಎಲ್ಲವೂ ಸರಿಯಾಗಿದ್ದವು. ಆದರೂ ಬಿಚ್ಚಿ ನೋಡಿದರಲ್ಲ! ಕೊನೆಗೆ ಅವಳಿಗೇ ಅನುಮಾನ ಹತ್ತಿತು: ನಿಜಕ್ಕೂ ಮರೆತೆನೇನೋ.

ಶನಿವಾರ ಬೆಳಗ್ಗೆ ಮೈದುನ ರೈಮೋ ಬಂದ. ಅಂಗಳದ ಮೇಲ್ವಿಚಾರಕ ಅವನೇ.

"ಅತ್ತಿಗೆ, ಪುಲ್ಲಾ ಬನ್ನು ಬೇಯಿಸಿದೀಯಾ? ಏಲಕ್ಕಿ ವಾಸನೆ ಗೇಟಿನವರೆಗೂ ಬರ್ತಿದೆ."

ಹೊಸಿಲಲ್ಲಿ ಬೂಟು ಕಳಚಿಟ್ಟು ಒಲೆಯ ಪಕ್ಕ ಕಾಲು ಚಾಚಿದ.

"ಬೇಜಾರು ಮಾಡ್ಕೋಬೇಡ. ನಾನೇ ಎಲ್ಲರ ಬಾಯಿ ಮುಚ್ಚಿಸಿದೀನಿ. ವಯಸ್ಸಾದವಳು, ಮರ್ತಿರ್ತಾಳೆ ಬಿಡ್ರೋ ಅಂದೆ. ಮುಂದಿನ ವರ್ಷದಿಂದ ಪೆಟ್ಟಿಗೆ ಕೆಲಸ ಬೇರೆಯವರು ನೋಡ್ಕೋತಾರೆ."

ಹಿಲ್ಕಾ ಕಾಫಿ ಬಗ್ಗಿಸುತ್ತಿದ್ದವಳು ಅವನ ಪಾದ ನೋಡಿದಳು. ಬೂದು ಉಣ್ಣೆ. ಹಿಮ್ಮಡಿಯ ಮೇಲೆ ಹಳದಿ ಪಟ್ಟೆ. ಹಳದಿ ಔಲಿಸ್‌ನ ಬಣ್ಣ.

"ಯಾವಾಗ ತಗೊಂಡೆ?"

ಅವನೂ ತನ್ನ ಕಾಲನ್ನೇ ನೋಡಿಕೊಂಡ, ಬೇರೆ ಯಾರದೋ ಕಾಲು ಎಂಬಂತೆ.

"ಅಕ್ಟೋಬರಲ್ಲಿ... ಬೇಟೆಗೆ ಹೋದಾಗ. ಗುಡಿಸ್ಲಲ್ಲಿ ಕಂಬಳಿ ಸಾಲ್ತಿರ್ಲಿಲ್ಲ. ವಾಪಸ್ ಇಡ್ತಿದ್ದೆ ಅತ್ತಿಗೆ, ದೇವರಾಣೆ. ಯಾರೂ ಬಿಚ್ಚಲ್ವಲ್ಲ ಅಂತ ಹಳೇ ಪತ್ರಿಕೆ ತುಂಬಿಟ್ಟೆ..."

"ಗಂಟು?"

"ನಂಗೂ ಅಣ್ಣನೇ ಕಲಿಸಿದ್ದು."

ಅವಳು ಕಾಫಿ ಪಾತ್ರೆ ಕೆಳಗಿಟ್ಟಳು.

"ಕಳಚು."

ಅವನು ಕಳಚಿ ಕೊಟ್ಟ. ಕಾಲುಚೀಲ ಇನ್ನೂ ಬೆಚ್ಚಗಿತ್ತು. ಅವಳು ಕೋಟು ತೊಟ್ಟು ಬಾಗಿಲು ತೆರೆದಳು. ಆಚೆ ಅಂಗಳದಲ್ಲಿ ಔಲಿಸ್ ಕೋಲೂರಿ ನಿಂತು ಇತರರ ಸುತ್ತಿಗೆಯ ಸದ್ದು ಕೇಳುತ್ತಿದ್ದ.

"ಅತ್ತಿಗೆ, ನಿಲ್ಲು! ಮನೆ ಮಾತು ಮನೇಲೇ ಇರ್ಲಿ. ಎಲ್ಲಿಗೆ ಹೊರಟೆ?"

"ಅವನಿಗೆ ಗೊತ್ತಾಗ್ಲಿ," ಎಂದಳು ಹಿಲ್ಕಾ, ಹಿಂತಿರುಗಿ ನೋಡದೆ ಹಿಮಕ್ಕೆ ಇಳಿದು ನಡೆಯುತ್ತಾ, "ಆ ಪೆಟ್ಟಿಗೇಲಿ ನಾನು ಕೈಯಾರೆ ಇಟ್ಟಿದ್ದು ರದ್ದಿಯಲ್ಲ, ಈ ಕಾಲುಚೀಲ ಅಂತ."