ಬೆಟ್ಟಸ್ವಾಮಿ ಕೇಳಿದ ಮರುಪರೀಕ್ಷೆ

ಸೋಸಲೆಯ ಬೆಟ್ಟಸ್ವಾಮಿಗೆ ತಿ. ನರಸೀಪುರದಲ್ಲಿ ಸಣ್ಣ ಫೋಟೋ ಸ್ಟುಡಿಯೋ. ಹರೆಯದಲ್ಲಿ ತಾಲ್ಲೂಕು ಕಚೇರಿ ಮುಂದೆ ಧಿಕ್ಕಾರ ಕೂಗಿದ ಗಂಟಲು. ಅನ್ಯಾಯ ಕಂಡರೆ ಈಗಲೂ ತಡೆಯದು.

ನಂಜನಗೂಡಿನ ಕಲ್ಯಾಣ ಮಂಟಪದ ಒಡತಿ ಗುರುಬಸಮ್ಮ, ವರ್ಷದ ಅಷ್ಟೂ ಮದುವೆಯ ಫೋಟೋ ಕೆಲಸ ಒಬ್ಬರಿಗೇ ಎಂದರು. ಬೆಟ್ಟಸ್ವಾಮಿಯ ಪೈಪೋಟಿಗೆ ನಿಂತವನು ಹೊಸ ಕ್ಯಾಮೆರಾದ ಬಸವಪ್ರಸಾದ್. ಪರೀಕ್ಷೆಗೆಂದು, ಮಂಟಪದ ಕಸ ಗುಡಿಸುವ, ಸೋಸಲೆಯವಳೇ ಆದ ಮುದ್ದಮ್ಮನನ್ನು ಕಿಟಕಿ ಬಳಿ ಕೂರಿಸಿ ಇಬ್ಬರೂ ಒಂದೊಂದು ಫೋಟೋ ತೆಗೆದರು. ಹೆಸರು ಹೇಳದೆ ಎರಡನ್ನೂ ಟೀವಿಗೆ ಹಾಕಿದಾಗ ಗುರುಬಸಮ್ಮ ಬೊಟ್ಟು ಮಾಡಿದ್ದು ಬಸವಪ್ರಸಾದನದನ್ನು.

"ಇದು ಮೋಸ ಕಣ್ರವ್ವಾ!" ಬೆಟ್ಟಸ್ವಾಮಿ ಎಗರಿದ. "ಅವನ ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಸೆನ್ಸಾರ್ ನಂದರ ಎರಡರಷ್ಟದೆ. ಲೆನ್ಸೂ ಬ್ಯಾರೆ. ಪೈಲ್ವಾನನ ಮುಂದೆ ಕೂಸ್ನ ಬಿಟ್ಟು ಕುಸ್ತಿ ಅಂತೀರಾ?"

"ನನ್ ಲೆನ್ಸ್ ನೀವೇ ಹಾಕ್ಕೊಳಿ ಅಣ್ಣ," ಎಂದು ಬಸವಪ್ರಸಾದ್ ಬಿಚ್ಚಿ ಕೊಟ್ಟ.

ಬೆಟ್ಟಸ್ವಾಮಿ ಅದನ್ನು ಹಾಕಿಕೊಂಡು ಇನ್ನೊಂದು ಫೋಟೋ ತೆಗೆದ. ಮುದ್ದಮ್ಮ ಮತ್ತೆ ಮೊದಲಿನ ಹಾಗೇ ಬಂದಳು. ಸುಕ್ಕಿಲ್ಲ, ಹೊಳಪಿಲ್ಲ, ಬಿಳಿಚಿಕೊಂಡ ಮುಖ.

ಬಸವಪ್ರಸಾದ್ ಬೆಟ್ಟಸ್ವಾಮಿಯ ಕ್ಯಾಮೆರಾ ತಿರುಗಿಸಿ ನೋಡಿದ. "ಅಣ್ಣ, ಬೆಳಕಿನ ತಿರುಗಣೆ ಜಾಸ್ತಿಗಿಟ್ಟು ಅಲುಗದಂಗೆ ಟೇಪ್ ಅಂಟಿಸಿದ್ದೀರಲ್ಲ!"

ಟೇಪು ಬೆಟ್ಟಸ್ವಾಮಿಯದೇ. ಮದುವೆ ಹೆಣ್ಣು ಬೆಳ್ಳಗೆ ಕಾಣಲಿ ಎಂದು ಗಂಡಿನವರು, ಹೆಣ್ಣಿನವರು ಎಲ್ಲರೂ ಕೇಳುತ್ತಿದ್ದರು. ಪ್ರತಿ ಸಲ ತಿರುಗಿಸುವ ರಗಳೆ ಬೇಡವೆಂದು ಎಂಟು ವರ್ಷದ ಹಿಂದೆ ಅಂಟಿಸಿ ಮರೆತಿದ್ದ.

ಮುದ್ದಮ್ಮ ಎದ್ದು ಬಂದು ಟೀವಿ ನೋಡಿದಳು. "ಇದ್ಯಾರ್ಲಾ ಬೆಟ್ಟ? ಸುಣ್ಣ ಬಳ್ದಂಗದೆ! ನಿಮ್ಮವ್ವನ್ ಫೋಟೋಗೂ ಇಂಗೇ ಬಳ್ದಿದ್ದೀಯಲ್ಲ. ತಿಥಿ ದಿನ ಗುರ್ತೇ ಅತ್ಲಿಲ್ಲ ನಂಗೆ."

ಬೆಟ್ಟಸ್ವಾಮಿಯ ಮನೆಗೋಡೆಯಲ್ಲಿ ಹಾರ ಹಾಕಿದ ಅವ್ವ, ದಿನಾ ಕೈ ಮುಗಿಯುವ ಅವ್ವ. ಅವಳ ನಿಜವಾದ ಬಣ್ಣ ಹೇಗಿತ್ತು? ನೆನಪಿಗೆ ತಂದುಕೊಳ್ಳಲು ಹೆಣಗಿದ. ಗೋಡೆಯ ಬಿಳಿ ಮುಖವೇ ಬಂತು. ಸಮಾನತೆ ಎಂದು ಬೀದಿಯಲ್ಲಿ ಅರಚಿದವನು ತನ್ನವರ ಮುಖವನ್ನೇ ಒರೆಸಿ ಹಾಕಿದ್ದ, ಅದೂ ದುಡ್ಡು ತಗೊಂಡು.

ಉಗುರಿನಿಂದ ಟೇಪು ಕೆರೆದು ಕಿತ್ತ. ತಿರುಗಣೆ ಸೊನ್ನೆಗೆ ತಂದು, ಮುದ್ದಮ್ಮನನ್ನು ಮತ್ತೆ ಕೂರಿಸಿ ಮೂರನೆಯ ಫೋಟೋ ತೆಗೆದ. ಕಪ್ಪು ಕೆನ್ನೆ ಮಿರಮಿರ ಮಿಂಚಿತು, ಹಣೆಯ ಹಚ್ಚೆ ಕಂಡಿತು.

"ಈಗ ಇಬ್ಬರದೂ ಒಂದೇ ಥರ ಇದೆಯಲ್ಲಪ್ಪ," ಎಂದರು ಗುರುಬಸಮ್ಮ. "ಇನ್ನೊಂದು ಸಲ ನೋಡೋಣ್ವಾ?"

"ಬ್ಯಾಡಿ ಕಣ್ರವ್ವಾ. ಮೊದಲ್ನೇದು ನ್ಯಾಯವಾಗೇ ನಡೆದದೆ. ಕೆಲಸ ಅವನಿಗೇ ಕೊಡಿ," ಎಂದು ಬೆಟ್ಟಸ್ವಾಮಿ ಲೆನ್ಸು ಬಿಚ್ಚಿ ಬಸವಪ್ರಸಾದನ ಕೈಗಿಟ್ಟ.